ಲಿಫ್ಟ್ ಬರುವವರೆಗೆ

8 ಜನವರಿ 2024

ನಿನ್ನೆಯ ಸೊಸೈಟಿ ಮೀಟಿಂಗಿನಿಂದ ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಬಿಲ್ಡರ್ ಕಡೆಯವನು ಹೊಸ ಕಟ್ಟಡದ ನಕ್ಷೆಯನ್ನು ಮೇಜಿನ ಮೇಲೆ ಹರಡಿದ. ಉಳಿದವರೆಲ್ಲ ತಮ್ಮ ಬೆಡ್‌ರೂಮು, ತಮ್ಮ ಪಾರ್ಕಿಂಗು ಎಂದು ಬೆರಳಿಟ್ಟು ಹುಡುಕುತ್ತಿದ್ದರು. ನಾನು ನೋಡಿದ್ದು ನಡುವೆ ಇದ್ದ ಒಂದು ಚೌಕವನ್ನು ಮಾತ್ರ.

"ಇದು ಲಿಫ್ಟಾ?" ಎಂದು ಕೇಳಿದೆ.

"ಹೌದು ಆಂಟಿ. ಎರಡುಂಟು. ಒಂದರಲ್ಲಿ ಸ್ಟ್ರೆಚರ್ ಹಿಡೀತದೆ" ಎಂದ.

ಅವನ ಹೆಸರು ಪ್ರಶಾಂತ. ಕಾರ್ಕಳದ ಕಡೆಯವನಂತೆ. ನಮ್ಮ ಬಿಲ್ಡಿಂಗಿನಲ್ಲಿ ಕನ್ನಡದವರು ಹೆಚ್ಚೆಂದು ಕಂಪನಿ ಅವನನ್ನೇ ಕಳಿಸಿದೆ. ಚೆಂಬೂರಿನಲ್ಲಿ ನಮ್ಮ ಸಾಲಿನ ಹಳೆಯ ಕಟ್ಟಡಗಳೆಲ್ಲ ಒಂದೊಂದಾಗಿ ಬಿದ್ದು ಎತ್ತರವಾಗಿ ಎದ್ದಿವೆ. ಉಳಿದದ್ದು ನಮ್ಮದೇ.

ಯಜಮಾನರಿಗೆ ಪಾರ್ಶ್ವವಾಯು ಬಡಿದ ಮೇಲೆ ಇವರು ಕೆಳಗಿಳಿದಿಲ್ಲ. ಆಸ್ಪತ್ರೆಯಿಂದ ತರುವಾಗ ನಾಲ್ವರು ಕುರ್ಚಿಯಲ್ಲಿ ಹೊತ್ತು ತಂದರು. ಎರಡನೇ ಮಹಡಿಯ ತಿರುವಿನಲ್ಲಿ ಒಬ್ಬನ ಕೈ ಜಾರಿ ಇವರ ತಲೆ ಗೋಡೆಗೆ ಬಡಿಯಿತು. ಅಂದೇ ನಿರ್ಧರಿಸಿಬಿಟ್ಟೆ, ಇನ್ನು ಲಿಫ್ಟ್ ಇದ್ದರೆ ಮಾತ್ರ ಇಳಿಸುವುದು. ವಡಾಲದ ಹೋಟೆಲಿನ ಗಲ್ಲೆಯಲ್ಲಿ ಕುಳಿತು ಗಿರಾಕಿಗಳನ್ನು ಅವರವರ ಭಾಷೆಯಲ್ಲೇ ಮಾತಾಡಿಸುತ್ತಿದ್ದ ದೂಜ ಪೂಜಾರಿ ಈಗ ಮೂರನೇ ಮಹಡಿಯ ಕಿಟಕಿಯಿಂದ ಒಂದು ತುಂಡು ಆಕಾಶ ನೋಡುತ್ತ ಮಲಗಿದ್ದಾರೆ. ಕನ್ನಡ, ಹಿಂದಿ, ಮರಾಠಿ, ಇಂಗ್ಲಿಷ್ ಎಲ್ಲ ನಾಲಗೆಯಿಂದ ಹೊರಟುಹೋಯಿತು, ಕೇಳಿದರೆ ತಿಳಿಯುತ್ತದೆ ಅಷ್ಟೆ. ತುಳು ಉಳಿದಿದೆ, ಅದೂ ತೊದಲು. ಮಗಳಿಗೂ ಅದು ಸರಿಯಾಗಿ ತಿಳಿಯುವುದಿಲ್ಲ. ನನಗೆ ಮಾತ್ರ ತಿಳಿಯುತ್ತದೆ.

ಸೊಸೈಟಿಯ ಸೆಕ್ರೆಟರಿಯಾಗಿ ಎಲ್ಲರ ಒಪ್ಪಿಗೆ ಕೂಡಿಸುವ ಕೆಲಸ ನನ್ನದು. ಎಲ್ಲರದ್ದೂ ಆಗಿದೆ, ನೆಲಮಹಡಿಯ ಇಂದ್ರಕ್ಕನದ್ದೊಂದು ಬಿಟ್ಟು. ಅದೇನು ಆಗದ ವಿಷಯವಲ್ಲ. ಇವರು ಬಿದ್ದ ದಿನ ನಾನು ಆಗ ಕೆಲಸಕ್ಕಿದ್ದ ಶಾಲೆಯ ಆಫೀಸಿನಲ್ಲಿದ್ದೆ. ಚಟ್ನಿಪುಡಿ ಕೊಡಲೆಂದು ಮೇಲೆ ಬಂದ ಇಂದ್ರಕ್ಕನೇ ನೋಡಿ, ಅಕ್ಕಪಕ್ಕದವರನ್ನು ಕೂಗಿ, ಆಟೋದಲ್ಲಿ ಇವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಸೇರಿಸಿದವರು. ನನ್ನ ಮಾತನ್ನು ಅವರು ತೆಗೆದುಹಾಕುವುದಿಲ್ಲ.

21 ಜನವರಿ

ಕಡುಬು ಮಾಡಿದ್ದೆ. ತೆಗೆದುಕೊಂಡು ಇಂದ್ರಕ್ಕನ ಮನೆಗೆ ಹೋದೆ. ಅವರ ಗಂಡ ಶರಣಬಸಪ್ಪ ರಿಫೈನರಿಯಲ್ಲಿದ್ದವರು. ತೀರಿಕೊಂಡು ಬಹಳ ವರ್ಷವಾಯಿತು. ಮಕ್ಕಳಿಲ್ಲ. ರೊಟ್ಟಿ ಬಡಿದು ಆಫೀಸಿನವರಿಗೆ ಡಬ್ಬಿ ಕಳಿಸುತ್ತ ಬದುಕುತ್ತಿದ್ದಾರೆ.

"ಸಹಿ ಈಗ ಬ್ಯಾಡ ಸೇವಂತಿ" ಎಂದರು.

"ಯಾಕಕ್ಕ? ಹೊಸ ಮನೆ ಕೊಡ್ತಾರೆ, ಕಟ್ಟುವ ತನಕ ಬಾಡಿಗೆಯೂ ಕೊಡ್ತಾರೆ."

"ಮಂದಿಗೆಲ್ಲ ಕೊಡ್ತಾರ. ನಂಗ ಕೊಡ್ತಾರೋ ಇಲ್ಲೋ ನೋಡ್ಬೇಕಲ್ಲ. ಸ್ವಲ್ಪ ತಡಿ."

ಇನ್ನೇನೂ ಹೇಳಲಿಲ್ಲ. ಮಧ್ಯಾಹ್ನ ಎಂದಿನಂತೆ ಮೇಲೆ ಬಂದು ಇವರ ಹತ್ತಿರ ಕುಳಿತು, ಕಲಬುರಗಿಯ ಕಡೆಯ ಯಾವುದೋ ಮದುವೆಯ ಸುದ್ದಿ ಹೇಳುತ್ತಿದ್ದರು. ಇವರಿಗೆ ಅದರಲ್ಲಿ ಅರ್ಧ ತಿಳಿಯುತ್ತದೆಯೋ ಇಲ್ಲವೋ. ಆದರೂ ನಗುತ್ತಾರೆ.

14 ಫೆಬ್ರವರಿ

ಪ್ರಶಾಂತ ಬಂದಿದ್ದ. ನಕ್ಷೆಯ ಮೇಲೆ ಪೆನ್ಸಿಲಿನಿಂದ ಅಡುಗೆಮನೆಯ ಬಾಲ್ಕನಿಗೆ ಅಡ್ಡಗೆರೆ ಎಳೆದ.

"ಇದು ಹೋಗ್ತದೆ ಆಂಟಿ. ನಾವು ನಿಂತ್ರೂ ಬಡ್ಡಿ ನಿಲ್ಲುದಿಲ್ಲ, ಸ್ಟೀಲಿನ ರೇಟು ನಿಲ್ಲುದಿಲ್ಲ. ಆ ಖರ್ಚನ್ನು ಎಲ್ಲಿಂದಾದ್ರೂ ಕಡೀಬೇಕಲ್ಲ. ಈ ತಿಂಗಳು ಬಾಲ್ಕನಿ. ಇನ್ನೂ ತಡ ಆದ್ರೆ ಪಾರ್ಕಿಂಗ್."

"ಲಿಫ್ಟು?"

"ಲಿಫ್ಟಿಗೆ ಈಗ ಕೈ ಹಾಕುದಿಲ್ಲ."

ಅವನ 'ಈಗ' ಎಂಬ ಮಾತು ನನ್ನ ಎದೆಯಲ್ಲಿ ಕೂತಿದೆ.

ಯಕ್ಷಿತಾ ಫೋನ್ ಮಾಡಿದಾಗ ಹೇಳಿದೆ. ಮಗಳು ಸೇತುವೆ ಕಟ್ಟುವ ಕಂಪನಿಯಲ್ಲಿ ಎಂಜಿನಿಯರ್, ಪುಣೆಯ ಆಚೆ ಸೈಟಿನಲ್ಲಿರುತ್ತಾಳೆ. "ಅಮ್ಮಾ, ಸುನೋ ನಾ. ತುಂಬ ಜಲ್ದಿ ಮಾಡಿದ್ರೂ ಖರ್ಚು, ತಡ ಮಾಡಿದ್ರೂ ಖರ್ಚು. ಎರಡರ ಬೀಚ್ ಮೇ, ನಡುವೆ, ಒಂದು ಸರಿಯಾದ ಟೈಮ್ ಇರ್ತದೆ. ಅದು ಕಾಗದದಲ್ಲಿ ಮಾತ್ರ. ತಡ ಆದ್ಮೇಲೆ ಎಲ್ಲರೂ ಯಾರಿಂದ ಆಯ್ತು ಅಂತ ಹುಡುಕ್ತಾರೆ. ಬಿಲ್ಡರಿಗೆ ಪರ್ಮಿಷನ್ ಎಲ್ಲಾ ಬಂದಿದೆಯಾ, ಪೂಛಾ ಕ್ಯಾ, ಕೇಳಿದ್ಯಾ?"

ಅವಳಿಗೆ ಯಾವಾಗಲೂ ಕಾಗದದ ಚಿಂತೆ. ಇಲ್ಲಿ ಒಬ್ಬರ ಸಹಿಗೆ ಎಲ್ಲ ನಿಂತಿದೆ ಎಂದರೆ ಅರ್ಥವಾಗುವುದಿಲ್ಲ.

3 ಮಾರ್ಚ್

ಮನೆಯ ಅರ್ಧ ಪೆಟ್ಟಿಗೆಗಳಲ್ಲಿದೆ. ಈ ತಿಂಗಳು ಹೊರಡಬಹುದೆಂದು ಜನವರಿಯಲ್ಲೇ ಕಟ್ಟಿದ್ದೆ. ಈಗ ಒಗ್ಗರಣೆ ಸೌಟು ಬೇಕೆಂದರೆ ಯಾವ ಪೆಟ್ಟಿಗೆಯಲ್ಲಿದೆಯೋ ಗೊತ್ತಿಲ್ಲ, ಬಿಚ್ಚುವುದಕ್ಕೆ ಮನಸ್ಸು ಬಾರದು. ಬಚ್ಚಲಿನ ನಲ್ಲಿ ಸೋರುತ್ತದೆ. ಪ್ಲಂಬರನ್ನು ಕರೆದರೆ, "ಬೀಳೋ ಬಿಲ್ಡಿಂಗಿಗೆ ಯಾಕೆ ಖರ್ಚು?" ಎಂದು ಬರಲೇ ಇಲ್ಲ. ಎದುರು ಮನೆಯವರು ಬಾಡಿಗೆಗೆ ಹೋಗಲಿದ್ದ ಥಾಣೆಯಲ್ಲಿ ಮಗನನ್ನು ಶಾಲೆಗೆ ಸೇರಿಸಿ ಆಗಿದೆ, ಬಿಲ್ಡರ್ ಬಾಡಿಗೆ ಕೊಡದೆ ಮನೆ ಬಿಡುವ ಹಾಗಿಲ್ಲ. ಹೋಗುವವರೂ ಅಲ್ಲ, ಇರುವವರೂ ಅಲ್ಲ, ಹಾಗಾಗಿದ್ದೇವೆ.

ಇವತ್ತು ಇವರ ಮಂಚದ ಪಕ್ಕವೇ ಸೂರಿನ ಗಾರೆ ಕಳಚಿ ಬಿತ್ತು. ಒಂದು ಮೊಳ ಆಚೆ ಬಿದ್ದಿದ್ದರೆ? ಮಂಚವನ್ನು ಗೋಡೆಗೆ ಎಳೆದೆ. ಅಲ್ಲಿಂದ ಕಿಟಕಿ ಕಾಣಿಸುವುದಿಲ್ಲ.

ಮೆಟ್ಟಿಲಲ್ಲಿ ಸಿಕ್ಕವರೆಲ್ಲ ನನ್ನನ್ನೇ ಕೇಳುತ್ತಾರೆ, "ಇಂದ್ರಾಬಾಯಿಯದ್ದು ಏನಾಯಿತು?"

22 ಮಾರ್ಚ್

ಇವತ್ತು ಇಂದ್ರಾಬಾಯಿ ಬಾಯಿ ಬಿಟ್ಟರು.

ಮನೆ ಇನ್ನೂ ಶರಣಬಸಪ್ಪನ ಹೆಸರಿನಲ್ಲೇ ಇದೆ. ತನ್ನ ನಂತರ ಯಾರಿಗೆ ಎಂದು ಆತ ಸೊಸೈಟಿಗೆ ಕೊಟ್ಟ ಹೆಸರು ತಮ್ಮ ಧರ್ಮಣ್ಣನದು. ಅದು ಮದುವೆಗೆ ಮೊದಲು. ಆಮೇಲೆ ಬದಲಿಸಲೇ ಇಲ್ಲ. ಮದುವೆಯಾದದ್ದು ಊರ ಗುಡಿಯಲ್ಲಿ, ಅದಕ್ಕೆ ಕಾಗದವಿಲ್ಲ. ಇದ್ದಬದ್ದ ಕಾರ್ಡು, ಫೋಟೊ ಎಲ್ಲ 2005ರ ಆ ದೊಡ್ಡ ಮಳೆಯಲ್ಲಿ ನೆಲಮಹಡಿಗೆ ನೀರು ನುಗ್ಗಿದಾಗ ಹೋದವು.

"ಮೈದುನ ಈಗ ಮನಿ ತನ್ನದು ಅಂತ ಹೇಳ್ಲಾಕತ್ಯಾನ. ನಾ ಒಳಗ ಇರೋತನ ಏನೂ ಮಾಡ್ಲಾಕ ಬರಂಗಿಲ್ಲ ಅವಗ. ಒಮ್ಮಿ ಹೊರಗ ಕಾಲಿಟ್ಟೆ ಅಂದ್ರ ಒಳಗ ಬಾ ಅನ್ನೋರು ಯಾರು?" ಎಂದರು. "ಸೇವಂತಿ, ನೀ ಸೆಕ್ರೆಟರಿ ಇದ್ದಿ. ಈಕಿ ಅವ್ರ ಹೆಂಡ್ತಿ, ಇಲ್ಲೇ ಬಾಳೇ ಮಾಡ್ಯಾಳ ಅಂತ ಒಂದೆರಡು ಸಾಲು ಬರದು ಕೊಡು. ನಾನೂ ಅವತ್ತೇ ಸಹಿ ಮಾಡ್ತೀನಿ."

ಇಷ್ಟೇ ತಾನೆ ಎಂದುಕೊಂಡೆ. ಕಮಿಟಿಯಲ್ಲಿ ಕೇಳಿ ಹೇಳುತ್ತೇನೆ ಎಂದು ಬಂದೆ. ಇಷ್ಟು ದಿನ ಹೇಳದೆ ಯಾಕೆ ಕೂತಿದ್ದರೋ. ಎರಡು ತಿಂಗಳು ಹೋಯಿತಲ್ಲ.

5 ಏಪ್ರಿಲ್

ಕಮಿಟಿ ಸೇರಿತ್ತು. ಪ್ರಶಾಂತನೂ ಇದ್ದ. ಇಂದ್ರಾಬಾಯಿಯ ವಿಷಯ ಹೇಳಿದೆ.

"ಹಾಗೆ ಬರ್ದು ಕೊಟ್ರೆ ಆ ಮೈದುನ ಕೋರ್ಟಿಗೆ ಹೋಗ್ತಾನೆ" ಎಂದ ಪ್ರಶಾಂತ. "ಎಷ್ಟು ವರ್ಷ ಎಳೀತದೋ ದೇವರಿಗೇ ಗೊತ್ತು. ಅದರ ಬದಲು ಆ ಧರ್ಮಣ್ಣನ ಹತ್ರವೇ ಸಹಿ ತಕ್ಕೊಂಡ್ರೆ? ನಿಮ್ಮ ದಾಖಲೆಯಲ್ಲಿ ಇರುದು ಅವನ ಹೆಸ್ರೇ ಅಲ್ವಾ? ಅವನು ರೆಡಿ ಇದ್ದಾನೆ."

"ಮತ್ತೆ ಇಂದ್ರಾಬಾಯಿ?"

"ಅದು ಅವರ ಮನೆಯೊಳಗಿನ ವಿಷಯ ಆಂಟಿ. ಸೊಸೈಟಿಗೆ ಅದ್ರಲ್ಲಿ ಎಂತ ಉಂಟು?"

ಎಲ್ಲರೂ ನನ್ನ ಮುಖ ನೋಡಿದರು. ಅವನು ನಕ್ಷೆ ತೆಗೆದು, ಮಳೆಗಾಲದೊಳಗೆ ಕಟ್ಟಡ ಖಾಲಿಯಾಗದಿದ್ದರೆ ದೊಡ್ಡ ಲಿಫ್ಟ್ ಬಿಟ್ಟು ಸಣ್ಣದೊಂದನ್ನೇ ಇಡಬೇಕಾಗುತ್ತದೆ ಎಂದ. ಸಣ್ಣದರಲ್ಲಿ ಸ್ಟ್ರೆಚರ್ ಹೋಗದು, ಗಾಲಿಕುರ್ಚಿಯೂ ಕಷ್ಟ.

ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ದಾಖಲೆಯಲ್ಲಿ ಇರುವುದನ್ನು ನಾವು ನೋಡಬೇಕು. ಒಂದೊಂದು ಮನೆಯ ಸಂಸಾರದೊಳಗೆ ಇಳಿಯುತ್ತ ಹೋದರೆ ಯಾವ ಕಟ್ಟಡವೂ ಏಳುವುದಿಲ್ಲ.

19 ಏಪ್ರಿಲ್

ಧರ್ಮಣ್ಣ ಕಲಬುರಗಿಯಿಂದ ಬಂದಿದ್ದ. ಅವನ ಅಣ್ಣ ತೀರಿಕೊಂಡಾಗ ನೋಡಿದ್ದು, ಈಗ ಜಗಳಕ್ಕೇ ಬರುತ್ತಾನೆಂದುಕೊಂಡಿದ್ದೆ. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಕೈಮುಗಿದು ಮಾತಾಡುವ ಮನುಷ್ಯ.

"ನಮ್ಮಣ್ಣ ಲಗ್ನಾನೇ ಆಗಿಲ್ಲರಿ. ಆ ಹೆಣ್ಮಗಳು ಅಡಗಿ ಮಾಡ್ಲಾಕ ಇದ್ಲು. ಅಣ್ಣ ಕನಿಕರ ಪಟ್ಟು ಇರ್ಲಾಕ ಬಿಟ್ಟಿದ್ದ. ನಿಮಗೂ ಗೊತ್ತದಲ್ಲರಿ, ಅಕ್ಕಾರ?" ಎಂದು ನನ್ನ ಕಡೆ ತಿರುಗಿದ.

ಚಹಾಕ್ಕೆ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದೆ.

ಸಹಿಯಾಯಿತು. ಸೊಸೈಟಿ ಕಟ್ಟಿದವರಲ್ಲಿ ಉಳಿದಿರುವವರು ಇವರೊಬ್ಬರೇ, ಹೆಸರಿಗೆ ಈಗಲೂ ಚೇರ್‌ಮನ್. ಅವರಿಗೂ ಒಂದು ಮಾತು ಹೇಳಿಬಿಡೋಣ ಎಂದು ಎಲ್ಲರೂ ಒಳಗೆ ಬಂದು ಮಂಚದ ಸುತ್ತ ನಿಂತರು. ನೆಲಮಹಡಿಯ ನಾಲ್ಕನೇ ನಂಬರಿನ ಮನೆ ಧರ್ಮಣ್ಣನದೆಂದು ಮಾಡಿದ್ದೇವೆ ಎಂದು ಹೇಳಿದರು. ಇವರು ಧರ್ಮಣ್ಣನನ್ನೇ ನೋಡುತ್ತಿದ್ದರು. ಆಮೇಲೆ ಕಷ್ಟಪಟ್ಟು, ಬಾಯಿ ಒಂದು ಬದಿಗೆ ಎಳೆಯುತ್ತ, "ಆಲ್ ಶರಣನ ಬುಡೆದಿ" ಎಂದರು.

ಆಕೆ ಶರಣನ ಹೆಂಡತಿ ಎಂದು. ತೊದಲಿನಲ್ಲಿ ಅದು ನನಗಲ್ಲದೆ ಬೇರೆ ಯಾರಿಗೂ ತಿಳಿಯುವಂತಿರಲಿಲ್ಲ. ತುಳು ಬಲ್ಲ ಪ್ರಶಾಂತ ಹೊರಗೆ ಫೋನಿನಲ್ಲಿದ್ದ.

"ಏನಂದ್ರು?" ಎಂದು ಕೇಳಿದರು.

"ಬೇಗ ಮುಗಿಸಿ ಅಂತಿದ್ದಾರೆ" ಎಂದೆ.

ಇವರ ಒಳ್ಳೆಯದಕ್ಕೇ ಅಲ್ಲವೇ ಇದೆಲ್ಲ ಮಾಡುವುದು? ಯಾರಿಗಾಗಿ ಲಿಫ್ಟ್? ನನ್ನ ಕಾಲು ಗಟ್ಟಿಯೇ ಇದೆ.

20 ಏಪ್ರಿಲ್

ಇವರು ಗಂಜಿ ಮುಟ್ಟಲಿಲ್ಲ. ಮುಖ ಗೋಡೆಯ ಕಡೆಗೆ.

2 ಮೇ

ಇವರ ಮಾತು ಪೂರ್ತಿ ನಿಂತಿದೆ. ನೀರು ಬೇಕೇ ಎಂದರೆ ತಲೆ ಆಡಿಸುತ್ತಾರೆ, ಅಷ್ಟೆ. ಇದ್ದ ಮಾತೂ ಕಡಿಮೆಯಾಗುತ್ತ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದೇ ಇರಬೇಕು.

ನಾಲ್ಕನೇ ನಂಬರಿನವರಿಗೆ ಮನೆ ಬಿಡಲು ನೋಟಿಸು ಕೊಟ್ಟಾಯಿತು. ಮಧ್ಯಾಹ್ನ ಮೇಲೆ ಬಂದಿದ್ದರು. ಇವರಿಗೆ ಆಯಾಸ, ಸ್ವಲ್ಪ ದಿನ ಯಾರೂ ಬರುವುದು ಬೇಡ ಎಂದೆ. ನಿಜವೇ ಅದು.

9 ಮೇ

ನೋಟಿಸಿಗೆ ಜಗ್ಗುವ ಹೆಂಗಸಲ್ಲ. ಕಮಿಟಿಯವರು ನೆಲಮಹಡಿಗೆ ಹೋಗುವ ನೀರಿನ ವಾಲ್ವ್ ಬಂದ್ ಮಾಡಿದ್ದಾರೆ. ರಿಪೇರಿ ಎಂದು ಬೋರ್ಡ್ ಹಾಕಿದೆ. ಅಲ್ಲಿ ಉಳಿದವರೆಲ್ಲ ಬಿಟ್ಟುಹೋಗಿ ಈಗ ಇರುವುದು ಒಂದೇ ಮನೆ. ಬಂದ್ ಮಾಡಿದ್ದು ನಾನಲ್ಲ. ಟಾಂಕಿಯ ರೂಮಿನ ಕೀಲಿ ನನ್ನ ಹತ್ತಿರ ಇತ್ತು, ಕೇಳಿದರು, ಕೊಟ್ಟೆ.

ಬೆಳಿಗ್ಗೆ ಮೇಲಿನಿಂದ ನೋಡಿದೆ. ಪಕ್ಕದ ಕಾಲೊನಿಯಿಂದ ಕೊಡ ಹೊತ್ತು ತರುತ್ತಿದ್ದಳು. ನಡುವೆ ಒಮ್ಮೆ ಕೊಡ ಇಳಿಸಿ ಸೊಂಟ ಹಿಡಿದುಕೊಂಡು ನಿಂತಳು. ಈ ಬಿಸಿಲಿನಲ್ಲಿ ಅಷ್ಟು ಹಟ ಯಾಕೆ ಬೇಕು?

ಪಾರ್ಕಿಂಗೂ ಹೋಯಿತು. ಪ್ರಶಾಂತ ಫೋನ್ ಮಾಡಿ ಹೇಳಿದ.

27 ಮೇ

ಹೋದಳು. ಕುರ್ಲಾದ ಚಾಳಿನಲ್ಲಿ ಮಲ್ಲವ್ವ ಎಂಬ ಅವರ ಊರಿನವಳೊಬ್ಬಳಿದ್ದಾಳಂತೆ, ಅಲ್ಲಿಗೆ. ಧರ್ಮಣ್ಣ ಹೊಸ ಬೀಗ ತಂದಿದ್ದ.

ಆಟೋ ನಿಲ್ಲಿಸಿ ಮೇಲೆ ಹತ್ತಿ ಬಂದಿದ್ದಳು. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ, "ಅಣ್ಣಾರಿಗೊಂದು ಮಾತು ಹೇಳಿ ಹೋಗ್ತೀನಿ" ಎಂದಳು.

ಮಲಗಿದ್ದಾರೆ ಎಂದೆ.

ಒಳಗೆ ಮಂಚ ಕಿರ್ ಎಂದಿತು. ಇಬ್ಬರಿಗೂ ಕೇಳಿಸಿತು. ಅವಳು, "ಹಂಗಾದ್ರ ಮಲಗಲಿ" ಎಂದು ಇಳಿದು ಹೋದಳು.

ಅಂತೂ ಮುಗಿಯಿತು. ಇನ್ನು ಯಾರಿಂದಲೂ ತಡವಿಲ್ಲ.

11 ಜೂನ್

ನಾವು ವಡಾಲಕ್ಕೆ ಬಂದೆವು. ಮೊದಲ ಮಹಡಿ, ಒಂದೇ ರೂಮು. ಲಿಫ್ಟ್ ಇರುವ ಕಡೆಯ ಬಾಡಿಗೆ ಬಿಲ್ಡರ್ ಕೊಡುವುದರಲ್ಲಿ ಆಗುವುದಿಲ್ಲ. ಎರಡು ವರ್ಷ ತಾನೆ.

ಆ ಮನೆ ಬಿಡುವ ದಿನವೇ ಕಟ್ಟಡ ಒಡೆಯುವ ಕಂಟ್ರಾಕ್ಟರನ ಕಡೆಯವರು ಬಂದು ಖಾಲಿಯಾದ ಮನೆಗಳ ಬಾಗಿಲು, ಕಿಟಕಿ ಕೀಳುತ್ತಿದ್ದರು. ಇವರನ್ನು ಕುರ್ಚಿಯಲ್ಲಿ ಕಟ್ಟಿ ಇಳಿಸಿದರು. ನಾನು ಕಣ್ಣು ಮುಚ್ಚಿಕೊಂಡೇ ಹಿಂದೆ ಇಳಿದೆ. ನೆಲಮಹಡಿಯಲ್ಲಿ ಇವರು ಒಳ್ಳೆಯ ಕೈಯಿಂದ ಕಂಬ ಹಿಡಿದು ಹೊತ್ತವರನ್ನು ನಿಲ್ಲಿಸಿದರು. ನಾಲ್ಕನೇ ನಂಬರಿಗೆ ಬಾಗಿಲಿರಲಿಲ್ಲ. ಒಳಗೆ ಗೋಡೆಯಲ್ಲಿ ರೊಟ್ಟಿಯ ಒಲೆಯ ಮಸಿ ಹಾಗೆಯೇ ಇತ್ತು. ಹೊತ್ತವರು ಗೊಣಗಿದ ಮೇಲೆ ಇವರು ಕಂಬ ಬಿಟ್ಟರು.

2 ಸೆಪ್ಟೆಂಬರ್

ಚೆಂಬೂರಿಗೆ ಹೋಗಿದ್ದೆ. ಕಟ್ಟಡ ಜುಲೈಯಲ್ಲೇ ನೆಲಸಮ. ತಗಡಿನ ಬೇಲಿಯ ಸಂದಿನಿಂದ ನೋಡಿದೆ. ಕೆಂಪು ನೀರು ನಿಂತಿದೆ, ನಡುವೆ ಕಬ್ಬಿಣದ ಚೂರುಗಳು. ಕೆಲಸದವರು ಒಬ್ಬರೂ ಇಲ್ಲ.

ಪ್ರಶಾಂತನಿಗೆ ಫೋನ್ ಮಾಡಿದರೆ ಹೇಳಿದ, "ಪ್ರಾಸೆಸ್‌ನಲ್ಲಿ ಉಂಟು ಆಂಟಿ. ಆ ಹೆಂಗಸಿನಿಂದ ಮೊದಲೇ ಅಷ್ಟು ಟೈಮ್ ಹೋಯ್ತಲ್ಲ, ಅದ್ರದ್ದೇ ಎಫೆಕ್ಟ್."

ಸಂಜೆ ಯಕ್ಷಿತಾಳಿಗೆ ಅದನ್ನೇ ಹೇಳಿದೆ. ಅವಳು ಏನೋ ಆನ್‌ಲೈನಿನಲ್ಲಿ ನೋಡಿದ್ದಳಂತೆ. "ಅಮ್ಮಾ, ಅವರು ಪರ್ಮಿಷನ್‌ಗೆ ಅರ್ಜಿ ಹಾಕಿದ್ದೇ ಆಗಸ್ಟ್‌ನಲ್ಲಿ. ಫೆಬ್ರವರಿಯಲ್ಲಿ ನೀವೆಲ್ಲ ಖಾಲಿ ಮಾಡಿದ್ರೂ ಕುಛ್ ನಹೀ ಹೋತಾ. ಆ ಆಂಟಿ ಇದ್ರೂ ಹೋದ್ರೂ ಫರಕ್ ಇರ್ಲಿಲ್ಲ."

ನಾನು ಸಿಟ್ಟಿನಿಂದ ಫೋನ್ ಇಟ್ಟೆ. ಪುಣೆಯಲ್ಲಿ ಕೂತವಳಿಗೆ ಇಲ್ಲಿಯದ್ದು ಹೇಗೆ ಗೊತ್ತಾಗಬೇಕು? ಫರಕ್ ಇಲ್ಲದಿದ್ದರೆ ನಾವು ಯಾಕೆ ಅಷ್ಟೆಲ್ಲ...

ಒಲೆಯ ಮೇಲೆ ಹಾಲಿಟ್ಟಿದ್ದೆ, ಉಕ್ಕಿಹೋಯಿತು.

30 ಡಿಸೆಂಬರ್

ಕೆಂಪು ನೀರು ಈಗ ಒಣಗಿದೆ. ಬೇರೇನೂ ಇಲ್ಲ. ಬಾಡಿಗೆ ಕೊಡುವುದನ್ನು ನಿಲ್ಲಿಸಿದ್ದಾರೆ. ನಾನು ಶಾಲೆಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೇನೆ. ಇವರು ಕಿಟಕಿಯ ಕಡೆ, ನಾನು ಗೋಡೆಯ ಕಡೆ. ಮಕ್ಕಳು ಹೋದ ಮೇಲೆ ಈ ರೂಮಿನಲ್ಲಿ ಮಾತಾಡುವುದು ಪ್ರೆಷರ್ ಕುಕ್ಕರ್ ಒಂದೇ.

17 ಮಾರ್ಚ್ 2025

ಕೊನೆಗೂ ಯಂತ್ರ ಬಂದಿದೆ. ಪಾಯ ತೋಡುತ್ತಿದ್ದಾರೆ. ಹೋಗಿ ನೋಡಿ ಬಂದೆ. ಭೂಮಿ ನಡುಗುವ ಸದ್ದಿಗೆ ನನಗೆ ಅಳು ಬಂತು.

ಮನೆಗೆ ಬಂದರೆ ಇದೊಂದು ನೋಟಿಸು. ಇಂದ್ರಾಬಾಯಿ ಸೊಸೈಟಿಗಳ ತಕರಾರು ನೋಡುವ ಸಹಕಾರಿ ಕಚೇರಿಯಲ್ಲಿ ಅರ್ಜಿ ಹಾಕಿದ್ದಾಳೆ, ಮನೆ ತನ್ನದೆಂದು. ಸಾಕ್ಷಿಯಾಗಿ ಒಂದೇ ಹೆಸರು, ಇವರದು. ಫೋನಿನಲ್ಲಿ ಯಕ್ಷಿತಾಳಿಗೆ ಪೂರ್ತಿ ಓದಿ ಹೇಳಿದೆ. ಇವರು ಎಚ್ಚರವಾಗಿದ್ದರೆಂದು ಆಮೇಲೆ ಗೊತ್ತಾಯಿತು.

ಪ್ರಶಾಂತ ಸಂಜೆಯೇ ಬಂದ. ಮೆಲ್ಲಗೆ ಹೇಳಿದ, "ತಗಾದೆ ಎದ್ರೆ ಬ್ಯಾಂಕ್ ಕೈ ಎತ್ತುತ್ತದೆ, ಕೆಲಸ ಅಲ್ಲಿಗೇ ನಿಲ್ತದೆ ಆಂಟಿ. ಅಂಕಲ್‌ಗೆ ಮಾತು ಬರುದಿಲ್ಲ ಅಂತ ಡಾಕ್ಟರ ಹತ್ರ ಒಂದು ಕಾಗದ ತಕ್ಕೊಳ್ಳಿ, ಆಯ್ತು."

25 ಮಾರ್ಚ್

ಡಾಕ್ಟರು ಬಂದು ನೋಡಿದರು. ಏನೇನೋ ಕೇಳಿದರು. ಇವರು ತುಟಿ ಬಿಚ್ಚಲಿಲ್ಲ. ಮಾತು ಇಲ್ಲ ಎಂದು ಬರೆದು ಕೊಟ್ಟರು. ಸುಳ್ಳೇನಲ್ಲ.

ಅವರು ಹೋದ ಮೇಲೆ ಬಟ್ಟಲು ತೊಳೆಯುತ್ತಿದ್ದೆ. ಹಿಂದಿನಿಂದ ಸದ್ದು. ತಿರುಗಿ ನೋಡಿದರೆ ಇವರು ಒಂದು ಕೈಯಲ್ಲಿ ಗೂಟದ ಮೇಲಿನ ಅಂಗಿ ಎಳೆಯುತ್ತಿದ್ದಾರೆ.

"ಪೋಯಿ" ಎಂದರು. ಹೋಗೋಣ ಎಂದು. ಕಳೆದ ಏಪ್ರಿಲಿನ ನಂತರ ನನ್ನ ಜೊತೆ ಆಡಿದ ಮೊದಲ ಮಾತು.

"ಎಲ್ಲಿಗೆ?"

"ಪೋಯಿ."

2 ಏಪ್ರಿಲ್

ಬರೆಯಲು ಕುಳಿತು ಬಹಳ ಹೊತ್ತಾಯಿತು.

ಇವರು ಒಂದು ವಾರ ಹಟ ಬಿಡಲಿಲ್ಲ. ನಾನೇ ಯೋಚಿಸಿದೆ, ಕಚೇರಿಯ ವಿಚಾರಣೆಗೆ ಕರೆದುಕೊಂಡು ಹೋದರೇನು? ಡಾಕ್ಟರ ಕಾಗದ ಬ್ಯಾಗಿನಲ್ಲಿದೆ. ಇವರು ಬಾಯಿ ತೆರೆದರೂ ಅಲ್ಲಿ ಯಾರಿಗೆ ತಿಳಿಯುತ್ತದೆ? ಹೋಗಿ ಬಂದರೆ ಇವರಿಗೂ ಸಮಾಧಾನ, ವಿಷಯವೂ ಮುಗಿಯುತ್ತದೆ.

ನಮ್ಮ ರೂಮಿನ ಕೆಳಗೆ ಒಂದು ಹೋಟೆಲಿದೆ, ಅಲ್ಲಿ ಕುಂದಾಪುರದ ಇಬ್ಬರು ಸಪ್ಲೈಯರುಗಳಿದ್ದಾರೆ. ಕೇಳಿದೆ. ಒಬ್ಬ ಮುಂದೆ, ಒಬ್ಬ ಹಿಂದೆ ಹಿಡಿದು, ಕುರ್ಚಿ ಸಮೇತ ಇಳಿಸಿ ಟ್ಯಾಕ್ಸಿಯಲ್ಲಿ ಕೂರಿಸಿದರು. ನಾನು ಕಣ್ಣು ಮುಚ್ಚುವಷ್ಟರಲ್ಲಿ ಮುಗಿದಿತ್ತು.

ಕಚೇರಿಯ ಕೋಣೆ ಸಣ್ಣದು. ಧರ್ಮಣ್ಣ ವಕೀಲರ ಜೊತೆ ಇದ್ದ, ಎದ್ದು ನಮಸ್ಕಾರ ಮಾಡಿದ. ಪ್ರಶಾಂತ ಹೊರಗೆ ಕಾರಿಡಾರಿನಲ್ಲಿ ಅಡ್ಡಾಡುತ್ತಿದ್ದ. ಇಂದ್ರಾಬಾಯಿ ಗೋಡೆಯ ಬದಿಯ ಬೆಂಚಿನಲ್ಲಿ ಕುಳಿತಿದ್ದಳು. ಬಡವಾಗಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ, ಮಾತಾಡಿಸಲೂ ಇಲ್ಲ.

ಅಧಿಕಾರಿ ಕನ್ನಡಕ ಹಾಕಿದ ಹೆಂಗಸು. ಇವರ ಹತ್ತಿರವೇ ಕುರ್ಚಿ ಎಳೆದುಕೊಂಡು, ಇಂದ್ರಾಬಾಯಿಯನ್ನು ತೋರಿಸಿ, ಇವರು ಯಾರು, ನಿಮಗೆ ಗೊತ್ತೇ ಎಂದು ಮರಾಠಿಯಲ್ಲಿ ನಿಧಾನವಾಗಿ ಕೇಳಿದರು. ಇವರು ನೆಟ್ಟಗೆ ಕುಳಿತರು. ಕುತ್ತಿಗೆಯ ನರ ಉಬ್ಬಿತು. ಮಾತು ತುಂಡುತುಂಡಾಗಿ ಬಂತು.

"ಆಲ್... ಶರಣನ ಬುಡೆದಿ. ಅವು ಆಲೆನ ಇಲ್ಲ್."

ಅಧಿಕಾರಿಗೆ ತಿಳಿಯಲಿಲ್ಲ. ವಕೀಲ, ಇದನ್ನೆಲ್ಲ ಹೇಗೆ ಸಾಕ್ಷಿ ಎನ್ನುವುದು ಎಂದು ನಕ್ಕ. ಅಧಿಕಾರಿ ನನ್ನ ಕಡೆ ತಿರುಗಿ, "ಕಾಯ್ ಮ್ಹಣತಾತ್ ತೇ?" ಎಂದು ಕೇಳಿದರು, ಏನು ಹೇಳುತ್ತಿದ್ದಾರೆ ಎಂದು.

ನಾನು ಬ್ಯಾಗಿನ ಜಿಪ್ ಎಳೆದೆ. ಕಾಗದ ಮೇಲೆಯೇ ಇತ್ತು. ಇವರು ನನ್ನ ಕಡೆ ನೋಡಲೇ ಇಲ್ಲ. ಅಧಿಕಾರಿಯನ್ನೇ ನೋಡುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಟ್ಟಾಯಿತು, ಇನ್ನೇನು ಎಂಬಂತೆ. ಇವರು ತಮ್ಮ ಮಾತು ಅವರಿಗೆ ಮುಟ್ಟಿತೆಂದೇ ತಿಳಿದಿದ್ದರು.

"ಈಕೆ ಶರಣಬಸಪ್ಪನ ಹೆಂಡತಿ, ಆ ಮನೆ ಈಕೆಯದು ಎನ್ನುತ್ತಿದ್ದಾರೆ" ಎಂದೆ ಮರಾಠಿಯಲ್ಲಿ.

"ಅದು ಇವರಿಗೆ ಹೇಗೆ ಗೊತ್ತು?" ಎಂದ ವಕೀಲ. ಇವರಿಗೆ ಅಷ್ಟರಲ್ಲಿ ಮಾತು ಮುಗಿದುಹೋಗಿತ್ತು. ಬೆವರಿದ್ದರು.

ನಾನು ಹೇಳಿದೆ, "ಶರಣಬಸಪ್ಪ ತೀರಿಕೊಂಡ ದಿನ ಈಕೆಯ ಕೈಯ ಬಳೆ ತೆಗೆದವರು ನಮ್ಮ ಬಿಲ್ಡಿಂಗಿನ ಹೆಂಗಸರು. ಒಂದು ಕೈ ಹಿಡಿದುಕೊಂಡವಳು ನಾನು. ಈ ಧರ್ಮಣ್ಣ ಆಗ ಅಲ್ಲೇ ಬಾಗಿಲಲ್ಲಿ ನಿಂತಿದ್ದರು. ಅಡುಗೆಯವಳ ಬಳೆ ತೆಗೆಯುತ್ತೀರಾ ಎಂದು ಅವತ್ತು ಅವರು ಕೇಳಲಿಲ್ಲ."

ಧರ್ಮಣ್ಣ ವಕೀಲರ ಕಿವಿಯಲ್ಲಿ ಏನೋ ಹೇಳಿದ.

ಅಧಿಕಾರಿ ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿ, "ಇದನ್ನೂ ಇವರೇ ಹೇಳಿದರಾ?" ಎಂದು ಕೇಳಿದರು.

"ಇಲ್ಲ. ಇದು ನಾನು ಹೇಳುತ್ತಿರುವುದು. ನನ್ನ ಹೆಸರು ಬರೆದುಕೊಳ್ಳಿ."

ಯಾಕೆ ಹಾಗೆ ಹೇಳಿದೆನೋ ತಿಳಿಯದು. ಹೇಳಬೇಕೆಂದು ಹೋಗಿರಲಿಲ್ಲ.

ಹೊರಗೆ ಬಂದರೆ ಕಾರಿಡಾರಿನಲ್ಲಿ ಪ್ರಶಾಂತನಿರಲಿಲ್ಲ. ಇಂದ್ರಕ್ಕ ನಮ್ಮ ಹಿಂದೆ ಬಂದರು. ಸೆರಗಿನಿಂದ ಇವರ ಗಲ್ಲದ ಜೊಲ್ಲು ಒರೆಸಿದರು. ನನ್ನನ್ನು ನೋಡದೆ ಕೇಳಿದರು, "ಮ್ಯಾಲ ಒಯ್ಯಲಾಕ ಮಂದಿ ಅದಾರೇನು?"

"ಇದ್ದಾರೆ. ಹೋಟೆಲಿನವರು ಸಂಜೆ ಬಿಡುವಾದ ಮೇಲೆ ಬರ್ತಾರೆ."

"ಅಲ್ಲಿತನ?"

"ಕೆಳಗೇ ಕೂತಿರ್ತೇವೆ."

"ಬಿಸಲಿಗೆ ಕೂಡಿಸಬ್ಯಾಡ" ಎಂದು ಹೇಳಿ ಸ್ಟೇಷನ್ನಿನ ಕಡೆ ಹೊರಟುಹೋದರು.

ವಡಾಲಕ್ಕೆ ಬಂದು ಸಂಜೆಯವರೆಗೆ ಬಿಲ್ಡಿಂಗಿನ ನೆರಳಿನಲ್ಲಿ ಕುಳಿತಿದ್ದೆವು. ಇವರು ಬಸ್ಸು ನೋಡಿದರು, ಕಬ್ಬಿನ ಹಾಲಿನವನ ಜೊತೆ ಜಗಳವಾಡುತ್ತಿದ್ದ ಗಿರಾಕಿಯನ್ನು ನೋಡಿದರು, ಹೋಟೆಲಿನ ಗಲ್ಲೆಯ ಕಡೆ ಬಹಳ ಹೊತ್ತು ನೋಡಿದರು. ಚಹಾ ಬೇಕೆಂದರು. ಕುಡಿಸಿದೆ.

24 ಏಪ್ರಿಲ್

ನಾಲ್ಕನೇ ನಂಬರಿನ ಹಕ್ಕು ತೀರ್ಮಾನವಾಗುವವರೆಗೆ ಆ ಮನೆಯನ್ನು ಯಾರಿಗೂ ಕೊಡುವಂತಿಲ್ಲ ಎಂದು ಆದೇಶವಾಗಿದೆ. ಬ್ಯಾಂಕು ನಿಲ್ಲಿಸಿದೆ, ಬಿಲ್ಡರನೂ ನಿಲ್ಲಿಸಿದ್ದಾನೆ. ಯಂತ್ರ ಹೋಯಿತಂತೆ, ತೋಡಿದ ಗುಂಡಿ ಹಾಗೇ ಇದೆಯಂತೆ. ಬಿಲ್ಡಿಂಗಿನ ಗ್ರೂಪಿನಲ್ಲಿ ನನ್ನ ಬಗ್ಗೆ ಏನೇನು ಬರೆದಿದ್ದಾರೆಂದು ಪೂರ್ತಿ ಓದಲಾಗಲಿಲ್ಲ. ಎದುರು ಮನೆಯವರು ಫೋನ್ ಮಾಡಿ ಅತ್ತರು, ಆಮೇಲೆ ಬೈದರು. ಅವರು ಹೇಳಿದ್ದೂ ತಪ್ಪಲ್ಲ. ಅವರೂ ಎಲ್ಲೋ ಒಂದು ಬಾಡಿಗೆ ರೂಮಿನಲ್ಲಿ ಸಿಕ್ಕಿಬಿದ್ದಿದ್ದಾರೆ.

ಇನ್ನು ಕೆಲಸ ವರ್ಷಗಟ್ಟಲೆ ನಿಲ್ಲುತ್ತದೆ ಎಂಬ ಪ್ರಶಾಂತನ ಮೆಸೇಜನ್ನು ಇವರಿಗೆ ಓದಿ ಹೇಳಿದೆ.

"ಏತ್ ವರ್ಷ?" ಎಂದರು. ಎಷ್ಟು ವರ್ಷ ಎಂದು.

"ಗೊತ್ತಿಲ್ಲ. ಹೊಸ ನಕ್ಷೆಯಲ್ಲಿ ದೊಡ್ಡ ಲಿಫ್ಟೂ ಇಲ್ಲವಂತೆ" ಎಂದೆ.

ಇವರು ಕಿಟಕಿಯ ಕಡೆ ನೋಡಿದರು. ರಸ್ತೆ ಅಲ್ಲಿಂದ ಕಾಣುವುದಿಲ್ಲ, ಸದ್ದು ಮಾತ್ರ ಬರುತ್ತದೆ.

ಮಧ್ಯಾಹ್ನ ಕೆಳಗಿಳಿದು ಹೋಟೆಲಿಗೆ ಹೋದೆ. ದಿನಾ ಸಂಜೆ ಸ್ವಲ್ಪ ಹೊತ್ತು ಇವರನ್ನು ಇಳಿಸಿ ಕೂರಿಸಲು ಆದೀತೇ ಎಂದು ಆ ಇಬ್ಬರನ್ನು ಕೇಳಿದೆ.

"ಅದಕ್ಕೆಂತ ಅಕ್ಕ? ಒಂದು ನಿಮಿಷದ ಕೆಲ್ಸ" ಎಂದ ಅವರಲ್ಲಿ ದೊಡ್ಡವನು. "ನೀವು ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

ಅವನು ಗ್ಲಾಸು ಒರೆಸುತ್ತ ಉತ್ತರಕ್ಕೆ ಕಾಯುತ್ತಿದ್ದ. ನಾಳೆಯಿಂದ ಬನ್ನಿ ಎಂದು ಹೇಳಿ ಮೆಟ್ಟಿಲು ಹತ್ತಿದೆ.